ನಮ್ಮ ಕಡೆಯವರಿಗೂ ಮಾತು ಬರುತ್ತೆ, ಸ್ವಾಮಿ

ಮಲೆನಾಡಿನ ಕಥೆಗಳನ್ನು ಸಿನಿಮಾ, ಸಾಕ್ಷ್ಯಚಿತ್ರ ಮಾಡುವವರಿಗೆ ಒಂದು ಬಹಿರಂಗ ಪತ್ರ

ನಿರ್ದೇಶಕರೇ, ನಿರ್ಮಾಪಕರೇ, ಕ್ಯಾಮೆರಾ ಹೊತ್ತು ಘಾಟಿ ಹತ್ತಿ ಬರುವ ಎಲ್ಲರೇ,

ನಮಸ್ಕಾರ. ನಾನು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಬದಿಯ ಒಂದು ಹಳ್ಳಿಯವನು. ಎರಡು ಎಕರೆ ಅಡಿಕೆ ತೋಟ ಇದೆ. ಅದರಿಂದ ಹೊಟ್ಟೆ ತುಂಬುವುದಿಲ್ಲ, ಹಾಗಾಗಿ ವಾರದಲ್ಲಿ ಐದು ದಿನ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಿನಿಮಾ ಬಗ್ಗೆ ಓದಿಕೊಂಡವನಲ್ಲ. ಆದರೆ ನಮ್ಮ ಕಡೆಯ ಕಥೆ ತೆರೆಗೆ ಬಂತು ಅಂದರೆ ಬಿಡುವವನೂ ಅಲ್ಲ. ಮೊದಲ ವಾರ ಒಬ್ಬನೇ ನೋಡುತ್ತೇನೆ, ಆಮೇಲೆ ಮನೆಯವರನ್ನು ಕರೆದುಕೊಂಡು ಇನ್ನೊಂದು ಸಲ. ಅದಾದ ಮೇಲೆ ತಿಂಗಳುಗಟ್ಟಲೆ ಮಂಡಿಯಲ್ಲಿ ಎಲ್ಲರ ತಲೆ ತಿನ್ನುತ್ತೇನೆ. ‘ಇದನ್ನೆಲ್ಲ ನಮ್ಮ ಹತ್ರ ಯಾಕೆ ಹೇಳ್ತೀಯ, ಮಾಡಿದವರಿಗೇ ಬರೆ’ ಅಂದರು. ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಊರಿಗೆ ಒಂದು ತಂಡ ಬಂತು. ಸಾಕ್ಷ್ಯಚಿತ್ರ ಮಾಡುತ್ತೇವೆ ಅಂದರು. ಹೆಸರು ಬೇಡ. ಕೆಟ್ಟವರೇನಲ್ಲ, ನಮ್ಮ ಮನೆಯಲ್ಲೇ ತಿಂಡಿ ತಿಂದರು, ಕಡುಬು ಇನ್ನೆರಡು ಹಾಕಿಸಿಕೊಂಡರು. ಕೊಯ್ಲಿನ ಸಮಯ. ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರ ಮರ ಹತ್ತುವುದು ಅವರಿಗೆ ಬೇಕಿತ್ತು. ಕೆಳಗಿಂದ ಒಂದು ಸಲ, ಪಕ್ಕದ ಮರಕ್ಕೆ ತೂಗಿಕೊಂಡು ದಾಟುವಾಗ ಒಂದು ಸಲ, ಡ್ರೋನ್‌ಗೆ ಅಂತ ಮತ್ತೆರಡು ಸಲ. ಐವತ್ತೈದು ದಾಟಿದ ಮನುಷ್ಯ ನಾಲ್ಕು ಸಲ ಹತ್ತಿ ಇಳಿದ. ಆಮೇಲೆ ಜಗಲಿಯಲ್ಲಿ ಕೂತು ಕವಳ ಹಾಕಿಕೊಂಡು ಮಾತಿಗೆ ಶುರುವಿಟ್ಟ. ಅವನು ಬಾಯಿ ಬಿಟ್ಟರೆ ನಿಲ್ಲುವುದಿಲ್ಲ. ಎಲೆಚುಕ್ಕಿ ರೋಗ ಬಂದು ಮೇಲಿನ ತೋಟ ಹೇಗೆ ಹಾಳಾಯಿತು ಅಂದ. ಮಗ ಬೆಂಗಳೂರಲ್ಲಿ ಬೈಕ್ ಮೇಲೆ ಊಟ ಹಂಚುತ್ತಾನೆ, ಮರ ಹತ್ತು ಅಂದರೆ ನಗುತ್ತಾನೆ ಅಂದ. ಕಾರ್ಬನ್ ಫೈಬರ್ ದೋಟಿ, ಅಂದರೆ ಕೆಳಗಿಂದಲೇ ಗೊನೆ ಕೊಯ್ಯುವ ಉದ್ದದ ಕೋಲು, ಬಂದ ಮೇಲೆ ತನ್ನನ್ನು ಕರೆಯುವವರೇ ಕಡಿಮೆ, ಕರೆದವರೂ ನೆಲದಲ್ಲಿ ನಿಂತು ಕೊಯ್ಯುವವನ ಜೊತೆ ಕೂಲಿ ಹೋಲಿಸುತ್ತಾರೆ ಅಂದ. ಅಣ್ಣ ಮಂಗನ ಕಾಯಿಲೆಯಲ್ಲಿ ಹೋಗಿದ್ದು, ಅವತ್ತಿಂದ ದರಗು, ಅಂದರೆ ಒಣಗಿದ ಎಲೆ, ತರೋಕೆ ಕಾಡಿಗೆ ಹೋಗುವಾಗ ಉಣ್ಣೆ ಕಚ್ಚದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಂಡರೂ ಎದೆ ಹೊಡೆದುಕೊಳ್ಳುತ್ತೆ ಅನ್ನುವುದು, ಎಲ್ಲ ಹೇಳಿದ. ನಲವತ್ತು ನಿಮಿಷ. ಎಲ್ಲ ರೆಕಾರ್ಡ್ ಆಯಿತು. ನಾನೇ ಪಕ್ಕದಲ್ಲಿ ಕೂತಿದ್ದೆ.

ಚಿತ್ರ ಬಂತು. ಹನ್ನೊಂದು ನಿಮಿಷದ್ದು. ನಮ್ಮ ಕೊನೆಗಾರ ಒಂದು ನಿಮಿಷ ಇದ್ದಾನೆ, ಚೆನ್ನಾಗಿಯೇ ಕಾಣುತ್ತಾನೆ. ಜಗಲಿಯಲ್ಲಿ ಕೂತು ಮಾತಾಡುವುದೂ ಇದೆ. ಆದರೆ ಅವನ ದನಿ ತೆಗೆದು ಕೊಳಲು ಹಾಕಿದ್ದಾರೆ. ಕೊಳಲಿನ ಮೇಲೆ ಒಂದು ಗಡಸು ಗಂಟಲು, ಪ್ರಕೃತಿಯ ಮಡಿಲಲ್ಲಿ ಆಸೆಯಿಲ್ಲದ ಬದುಕು ಅಂತ ಏನೋ ಹೇಳುತ್ತದೆ. ನನ್ನ ಮೊಬೈಲ್‌ನಲ್ಲಿ ಅವನಿಗೆ ತೋರಿಸಿದೆ. ತನ್ನ ಬಾಯಿ ಅಲ್ಲಾಡುವುದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ: ‘ನಾನು ಎಂತ ಹೇಳ್ತಾ ಇದ್ದೆ ಅಲ್ಲಿ?’

ನನ್ನ ತಕರಾರು ಇಷ್ಟೇ. ನೀವು ನಮ್ಮನ್ನು ನೋಡುತ್ತೀರಿ, ಕೇಳಿಸಿಕೊಳ್ಳುವುದಿಲ್ಲ. ನಮ್ಮ ಕಡೆ ಹಸಿರು ಜಾಸ್ತಿ, ಒಪ್ಪಿದೆ. ಮಾತು ಅದಕ್ಕಿಂತ ಜಾಸ್ತಿ.

ಕಥೆ, ಕಾದಂಬರಿ ಸಿನಿಮಾ ಮಾಡುವವರಿಗೂ ಇದೇ ಮಾತು. ತೇಜಸ್ವಿಯವರ ಕಥೆಗಳನ್ನೇ ತಗೊಳ್ಳಿ. ನಮ್ಮಲ್ಲಿ ಅವರ ಪುಸ್ತಕ ಓದದವರೂ ಅದರಲ್ಲಿರುವ ಜನರನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಅವುಗಳ ಕಥೆ ಏನು ಅಂತ ಕೇಳಿದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಒಂದು ಕ್ಲಾಸಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಒಬ್ಬ ಜವಾನ ಪಿಂಚಣಿಗೆ ಅಲೆಯುತ್ತಾನೆ. ಇಷ್ಟೇ ತಾನೇ? ರುಚಿ ಇರುವುದು ಹೇಳುವ ದನಿಯಲ್ಲಿ. ಯಾರೋ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಗು ತಡೆದುಕೊಂಡು, ಪಕ್ಕದವನಿಗೆ ಹೇಳಿದ ಹಾಗೆ ಇರುತ್ತದೆ. ಆ ದನಿ ಕೈಗೆ ಸಿಗದೆ ಬರೀ ಕಥೆ ಹಿಡಿದರೆ ಎಳನೀರು ಕುಡಿಯದೆ ಬುರುಡೆ ಹೊತ್ತುಕೊಂಡು ಹೋದ ಹಾಗೆ.

ಆ ಮುಸ್ಲಿಂ ಹುಡುಗನ ಕಥೆ 2023ರ ಮೇ ತಿಂಗಳಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಅಂತ ಸಿನಿಮಾ ಆಗಿ ಬಂದಾಗ ನನಗೆ ಭಯವೇ ಇತ್ತು. ಹೊಸ ನಿರ್ದೇಶಕರು, ಶಶಾಂಕ್ ಸೋಗಾಲ್. ಹೊಸ ಹುಡುಗರು. ದುಡ್ಡು ಹಾಕಿದ್ದು ತೇಜಸ್ವಿಯವರ ಓದುಗರೇ. ಅಭಿಮಾನಿಗಳ ದುಡ್ಡು ಅಂದರೆ ಅಭಿಮಾನವೇ ಜಾಸ್ತಿಯಾಗಿ ಸಿನಿಮಾ ಕಡಿಮೆಯಾಗುತ್ತದೇನೋ ಅಂದುಕೊಂಡು ಶಿವಮೊಗ್ಗದ ಥಿಯೇಟರಿಗೆ ಹೋದೆ. ಹಿಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರ ಥರದ ಒಬ್ಬರು, ಪಕ್ಕದಲ್ಲಿ ಮೊಮ್ಮಗ. ಜಮಾಲ್ ಅಬ್ದುಲ್ಲಾ ಮುಸ್ತಾಫಾ ಹುಸೇನ್ ಅನ್ನುವ ಉದ್ದನೆಯ ಹೆಸರು ಬರುವುದಕ್ಕೆ ಮೊದಲೇ ಅವರು ಅದನ್ನು ಪಿಸುಗುಟ್ಟಿದರು. ಹುಡುಗ ‘ಅಜ್ಜ, ಸುಮ್ನಿರು’ ಅಂದ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹುಡುಗನೇ ಜೋರಾಗಿ ನಗುತ್ತಿದ್ದ. ಸಣ್ಣಕಥೆಯನ್ನು ಹಿಗ್ಗಿಸಿದ್ದಾರೆ, ಕ್ರಿಕೆಟ್ ಮ್ಯಾಚು ನನಗೆ ಸ್ವಲ್ಪ ಉದ್ದವಾಯಿತು, ಕಾಮಿಡಿ ಕೆಲವು ಕಡೆ ಟಿವಿ ಥರ ಆಯಿತು. ಆದರೆ ಹುಡುಗರು ಒಬ್ಬರನ್ನೊಬ್ಬರು ರೇಗಿಸುವಾಗ, ಅನುಮಾನ ಪಡುವಾಗ, ಒಳಗೊಳಗೇ ಹೆದರುವಾಗ ಆ ಬಸ್‌ಸ್ಟ್ಯಾಂಡಿನ ದನಿ ಕೇಳಿಸಿತು. ಅಷ್ಟು ಸಿಕ್ಕಿದರೆ ಉಳಿದದ್ದನ್ನು ನಾನು ಮನ್ನಾ ಮಾಡುತ್ತೇನೆ.

ಆ ಜವಾನನ ಕಥೆಯಿಂದ ಗಿರೀಶ ಕಾಸರವಳ್ಳಿಯವರು ಮಾಡಿದ ‘ತಬರನ ಕಥೆ’ ಸಿನಿಮಾ ನಾನು ಚಿಕ್ಕವನಿದ್ದಾಗ ದೂರದರ್ಶನದಲ್ಲಿ ನೋಡಿದ್ದು, ಊರಿಗೆಲ್ಲ ಒಂದೇ ಟಿವಿ ಇದ್ದ ಮನೆಯಲ್ಲಿ. ತಬರನಾಗಿ ಚಾರುಹಾಸನ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಾಗ ಕುತ್ತಿಗೆ ಒಂದೊಂದು ಇಂಚು ಕೆಳಗೆ ಬಗ್ಗುತ್ತಾ ಹೋಗುತ್ತಿತ್ತು. ನನ್ನ ಅಜ್ಜ ನಡುವೆ ಎದ್ದು ಹೋದರು. ಅವರದೇ ಒಂದು ಫೈಲು ಯಾವುದೋ ಕಚೇರಿಯಲ್ಲಿ ಆರು ವರ್ಷದಿಂದ ಮಲಗಿತ್ತು.

ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಬರಬೇಕು ಅಂತ ನಾನು ಹೇಳುತ್ತಿಲ್ಲ. ಹಾಗೆ ಹಠ ಮಾಡುವ ಅಭಿಮಾನಿಗಳನ್ನು ಕಂಡರೆ ನನಗೂ ಆಗುವುದಿಲ್ಲ. ‘ದ್ವೀಪ’ ನೋಡಿ. ನಾ. ಡಿಸೋಜ ಅವರ ಕಾದಂಬರಿ, 2002ರಲ್ಲಿ ಕಾಸರವಳ್ಳಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲ ಬಂತು. ಸಿನಿಮಾದಲ್ಲಿ ಅದು ನಾಗಿಯ ಕಥೆಯಾಗಿದೆ. ಅಣೆಕಟ್ಟಿನ ನೀರು ಮನೆ ಬಾಗಿಲಿಗೆ ಬರುತ್ತಿದೆ, ಸುತ್ತ ಯಾರೂ ಇಲ್ಲ, ನಾಗಿಯ ಪಾತ್ರದ ನಟಿ ಸೌಂದರ್ಯ ರಾತ್ರಿಯಿಡೀ ಒಬ್ಬಳೇ ಬಡಿದಾಡುತ್ತಾಳೆ. ಬೆಳಗಾದ ಮೇಲೆ ಗಂಡ ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಆಗ ಅವಳು ದೊಡ್ಡ ಮಾತೇನೂ ಆಡುವುದಿಲ್ಲ. ಅಲ್ಲಿ ಮಾತಾಡುವುದು ಮಳೆ. ಆ ಸಿನಿಮಾದ ಮಳೆ ನಮ್ಮ ಮಳೆಯ ಹಾಗೆ ಕೇಳುತ್ತದೆ. ಹೆಂಚಿನ ಮೇಲೆ ಒಂದು ಸದ್ದು, ಅಂಗಳದಲ್ಲಿ ಇನ್ನೊಂದು, ದೂರದ ನೀರಿನ ಮೇಲೆ ಮತ್ತೊಂದು. ನಮ್ಮ ಅಮ್ಮ ಒಳಗಿನ ಕೋಣೆಯಲ್ಲಿ ಕೂತು ‘ಮಳೆ ಜೋರಾಯ್ತು, ಹೊರಗೆ ಬಟ್ಟೆ ಇದೆಯಾ ನೋಡು’ ಅಂದಿದ್ದರು, ಟಿವಿ ಸದ್ದು ಕೇಳಿ.

ಈಗಿನ ಕೆಲವು ಸಿನಿಮಾದವರು ಟ್ಯಾಂಕರ್ ತರಿಸಿ ನಾಯಕನ ತಲೆ ಮೇಲೆ ಪೈಪ್ ಹಿಡಿಯುತ್ತಾರೆ. ಹಿಂದೆ ಗುಡ್ಡದ ಮೇಲೆ ಬಿಸಿಲು ಸುರಿಯುತ್ತಿರುತ್ತದೆ. ಅದನ್ನಾದರೂ ಸಹಿಸಬಹುದು. ಒಂದು ಚಿತ್ರದಲ್ಲಿ ಹೊರಗೆ ಧೋ ಅಂತ ಆಷಾಢದ ಮಳೆ, ಮುಂದಿನ ದೃಶ್ಯದಲ್ಲಿ ಅದೇ ಮನೆಯ ಅಂಗಳದಲ್ಲಿ ನಾಯಕಿ ಬೇಯಿಸಿದ ಅಡಿಕೆ ಹರವುತ್ತಿದ್ದಾಳೆ! ಆಷಾಢದಲ್ಲಿ ಅಡಿಕೆ ಇನ್ನೂ ಮರದಲ್ಲಿ ಹಸಿರಾಗಿ ಇರುತ್ತೆ ತಾಯಿ, ಕೊಳೆ ರೋಗ ಬರದೇ ಇದ್ದರೆ. ಥಿಯೇಟರಿನಲ್ಲಿ ನಾನೊಬ್ಬನೇ ನಕ್ಕಿದ್ದು ಅಂದುಕೊಂಡೆ, ನಾಲ್ಕೈದು ಕಡೆಯಿಂದ ನಗು ಬಂತು.

ಮಂಡಿಯಲ್ಲಿ ಅಡಿಕೆಗೆ ದರ್ಜೆ ಇದೆ: ಸರಕು ಎಲ್ಲಕ್ಕಿಂತ ಮೇಲೆ, ರಾಶಿ ಅದಕ್ಕಿಂತ ಕೆಳಗೆ, ಗೊರಬಲು ಇನ್ನೂ ಕೆಳಗೆ. ಆ ಭಾಷೆಯಲ್ಲಿ ಹೇಳುವುದಾದರೆ, ‘ದ್ವೀಪ’ ಸರಕು. ‘ಮುಸ್ತಾಫಾ’ ಒಳ್ಳೆಯ ರಾಶಿ. ಗೊರಬಲು ಯಾವುದು ಅಂತ ಕೇಳಬೇಡಿ, ಅವರೂ ದುಡ್ಡು ಹಾಕಿರುತ್ತಾರೆ.

ಇನ್ನು ಭಾಷೆ. 2022ರಲ್ಲಿ ‘ಕಾಂತಾರ’ ಕುಂದಾಪುರ ಕಡೆಯ ಮಾತಿನಲ್ಲಿ ಬಂತು. ಇಡೀ ದೇಶ ನೋಡಿತು. ಅರ್ಥವಾಗಲ್ಲ ಅಂತ ಯಾರೂ ಎದ್ದು ಹೋಗಲಿಲ್ಲ. ಇದರಿಂದ ನೀವು ಕಲಿಯಬೇಕಿದ್ದದ್ದು ಊರಿನವರನ್ನು ಊರಿನ ಮಾತಲ್ಲೇ ಆಡಲು ಬಿಡಿ ಅನ್ನುವುದು. ಕೆಲವರು ಕಲಿತದ್ದು ಬೇರೆ. ಹಳ್ಳಿ, ಕಾಡು, ದೈವ ಅಂದರೆ ಕುಂದಾಪುರ ಕನ್ನಡ ಅಂದುಕೊಂಡುಬಿಟ್ಟರು. ಆಗುಂಬೆ ಘಾಟಿಯಲ್ಲಿ 14 ತಿರುವುಗಳಿವೆ ಮಾರಾಯ್ರೆ. ಕೆಳಗೆ ಸೋಮೇಶ್ವರದಲ್ಲಿ ಆಡುವ ಮಾತು ಮೇಲೆ ಆಗುಂಬೆಗೆ ಬರುವಷ್ಟರಲ್ಲಿ ತಿರುಗಿರುತ್ತದೆ. ಸಾಗರದ ಹವ್ಯಕರ ಮಾತು ಬೇರೆ, ದೀವರ ಮಾತು ಬೇರೆ, ತೀರ್ಥಹಳ್ಳಿ ಒಕ್ಕಲಿಗರದ್ದು ಬೇರೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಕನ್ನಡ ಇನ್ನೂ ಬೇರೆ. ಪ್ರತಿ ಸಾಲಿನ ಕೊನೆಗೆ ‘ಎಂತ’ ಅಂಟಿಸಿದರೆ ಮಲೆನಾಡು ಆಗುವುದಿಲ್ಲ.

ಇಷ್ಟೆಲ್ಲ ಹೇಳಿ ನನಗೆ ನಾನೇ ವಿರುದ್ಧ ಹೋಗುವ ಒಂದು ವಿಷಯವೂ ಇದೆ. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಡಿದ್ದು ಹಿಂದಿಯಲ್ಲಿ. ಕಥೆಯ ಊರು ಕೂಡ ನಮ್ಮದಲ್ಲ. ಆದರೂ ನಮ್ಮವರಿಗೆ ಅದು ನಮ್ಮದೇ. ಅರಸಾಳಿನ ಹಳೆಯ ರೈಲ್ವೆ ಸ್ಟೇಷನ್ ಈಗ ಅದರ ಹೆಸರಲ್ಲೇ ಮ್ಯೂಸಿಯಂ ಆಗಿದೆ. ಯಾಕೆ ಹೀಗೆ ಅಂತ ತುಂಬ ಯೋಚಿಸಿದ್ದೇನೆ. ನನಗೆ ತೋಚಿದ್ದು ಇಷ್ಟು: ಅವರಿಗೆ ಅವಸರ ಇರಲಿಲ್ಲ. ಜಗಲಿಯ ಮೇಲೆ ಯಾರೋ ಕೂತರೆ ಕ್ಯಾಮೆರಾವೂ ಜೊತೆಗೆ ಕೂರುತ್ತಿತ್ತು.

ಕುವೆಂಪು ಅವರ ದೊಡ್ಡ ಕಾದಂಬರಿಗಳ ಬಗ್ಗೆ ಒಂದು ಮಾತು. ‘ಕಾನೂರು ಹೆಗ್ಗಡಿತಿ’ಯನ್ನು ಗಿರೀಶ ಕಾರ್ನಾಡರು 1999ರಲ್ಲಿ ಸಿನಿಮಾ ಮಾಡಿದರು. ಗೌರವದಿಂದಲೇ ಹೇಳುತ್ತೇನೆ, ಗಾಡಿ ತುಂಬ ಹುಲ್ಲನ್ನು ಒಂದು ಬುಟ್ಟಿಗೆ ತುರುಕಿದ ಹಾಗಿತ್ತು. ಅದೇ, ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರು ರಂಗಾಯಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ಆಡಿಸಿದಾಗ ಅದಕ್ಕೆ ಒಂಬತ್ತು ಗಂಟೆ ಕೊಟ್ಟರು. ರಾತ್ರಿಯಿಡೀ ನಾಟಕ. ಒಂದು ರಂಗದಿಂದ ಇನ್ನೊಂದಕ್ಕೆ ಜನರೇ ಎದ್ದು ಹೋಗಬೇಕು. ನಾನು ಕಂಬಳಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಬೆಳಗಿನ ಜಾವ ಪಕ್ಕದವರೆಲ್ಲ ತೂಕಡಿಸುವಾಗಲೂ ನನಗೆ ಗುತ್ತಿಯದೇ ಚಿಂತೆ, ಅವನ ನಾಯಿ ಹುಲಿಯನದೇ ಚಿಂತೆ. ಈಗ ಓಟಿಟಿಯವರು ಎಂಟು ಕಂತು, ಹತ್ತು ಕಂತು ಮಾಡುತ್ತಾರಲ್ಲ, ಕೊಲೆಗಾರನನ್ನು ಹುಡುಕುವುದಕ್ಕೆ? ಅಷ್ಟು ಹೊತ್ತನ್ನು ಮದುಮಗಳಿಗೆ ಕೊಡಿ. ಹುಲಿಯನನ್ನು ಮಾತ್ರ ಎಡಿಟಿಂಗ್‌ನಲ್ಲಿ ಕೊಲ್ಲಬೇಡಿ.

ತೇಜಸ್ವಿಯವರ ‘ಜುಗಾರಿ ಕ್ರಾಸ್’ ಸಿನಿಮಾ ಆಗುತ್ತಿದೆ ಅಂತ ಸುದ್ದಿ. ಒಂದು ದಿನದೊಳಗೆ ಓಡುವ ಕಥೆ, ಕಾಡು, ಏಲಕ್ಕಿ, ಕಳ್ಳ ವ್ಯವಹಾರ. ಥ್ರಿಲ್ಲರ್ ಮಾಡುವುದು ಸುಲಭ, ಮಾಡಿ. ಆದರೆ ಓಡುವ ಮಧ್ಯೆ ಸುರೇಶ, ಗೌರಿ ಗಂಡ ಹೆಂಡತಿ ಹಾಗೆ ಸಣ್ಣಪುಟ್ಟದಕ್ಕೆ ಮಾತಾಡಿಕೊಳ್ಳುವುದನ್ನು ಬಿಟ್ಟುಬಿಡಬೇಡಿ. ಮುಂದೆ ಯಾರಾದರೂ ಅವರದೇ ‘ಕರ್ವಾಲೊ’ ಕಾದಂಬರಿಗೆ ಕೈ ಹಾಕಿದರೆ ಅವರಿಗೆ ಈಗಲೇ ಒಂದು ಅರ್ಜಿ. ಅದರಲ್ಲಿ ಬರುವ ಹಾರುವ ಓತಿಯನ್ನು ಡೈನೋಸಾರ್ ಮಾಡಬೇಡಿ. ಅದು ನಮ್ಮ ತೋಟದಲ್ಲೇ ಇದೆ. ಅಡಿಕೆ ಮರಕ್ಕೆ ಅಂಟಿಕೊಂಡರೆ ತೊಗಟೆಯೇ ಅನ್ನಿಸುತ್ತೆ. ಬಿಸಿಲೇರಿದಾಗ ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಚಕ್ಕಂತ ಹೊರಗೆ ಹಾಕಿ ಒಳಗೆ ಎಳೆದುಕೊಳ್ಳುತ್ತೆ. ಎರಡು ಸಲ, ಮೂರು ಸಲ. ಇದ್ದಕ್ಕಿದ್ದಂತೆ ಮರ ಬಿಟ್ಟು, ಪಕ್ಕೆ ಬಿಚ್ಚಿ, ಸದ್ದೇ ಇಲ್ಲದೆ ಇಳಿದುಬಂದು ಇನ್ನೊಂದು ಮರಕ್ಕೆ ಕೂತುಬಿಡುತ್ತೆ. ಇರುವುದು ಒಂದು ಗೇಣು. ಅದನ್ನು ನೋಡಿ ಮನುಷ್ಯ ಬಾಯಿ ಕಳೆದು ನಿಲ್ಲುತ್ತಾನಲ್ಲ, ಕಥೆ ಅಲ್ಲಿದೆ.

ಪ್ರಾಣಿಗಳ ವಿಷಯಕ್ಕೆ ಬಂದೆ, ಒಳ್ಳೆಯದೇ ಆಯಿತು. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಥಿಯೇಟರಿಗೆ ಬಂದಾಗ ನಾನು ರಜೆ ಹಾಕಿ ನೋಡಿದೆ. ಅಮೋಘವರ್ಷ, ಕಲ್ಯಾಣ್ ವರ್ಮ ಮಾಡಿದ್ದು. ಇಂಗ್ಲಿಷಿಗೆ ಡೇವಿಡ್ ಅಟೆನ್‌ಬರೋ ದನಿ, ಕನ್ನಡಕ್ಕೆ ರಿಷಬ್ ಶೆಟ್ಟಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಜನ ಕಾಡು ನೋಡಲು ಕೂತದ್ದು ನೋಡಿಯೇ ಗಂಟಲು ಕಟ್ಟಿತು. ಚಿತ್ರ ಅದ್ಭುತ. ಹೊರಗೆ ಬಂದಾಗ ಮಾತ್ರ ಒಂದು ಪ್ರಶ್ನೆ ಕೊರೆಯಿತು: ಈ ಕಾಡಿನಲ್ಲಿ ನಾವು ಯಾರೂ ಇಲ್ಲವಾ? 2022ರಲ್ಲಿ ಬಂದ ‘ಗಂಧದ ಗುಡಿ’ ಅದಕ್ಕೇ ನನಗೆ ಹೆಚ್ಚು ಹಿಡಿಸಿತು. ಅಪ್ಪು ಹೋಗಿ ಒಂದು ವರ್ಷ ತುಂಬುವ ಹಿಂದಿನ ದಿನ ಬಿಡುಗಡೆ ಆಗಿದ್ದು, ಥಿಯೇಟರಿನಲ್ಲಿ ಅಳದವರು ಕಡಿಮೆ, ಅದು ಬೇರೆ ವಿಷಯ. ನಾನು ಗಮನಿಸಿದ್ದು ಅವರು ಕೇಳುವ ರೀತಿ. ಮೇಕಪ್ ಇಲ್ಲ, ಪಾತ್ರ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೇಳುತ್ತಾರೆ, ಉತ್ತರ ಬರುವ ತನಕ ಸುಮ್ನೆ ನಿಲ್ಲುತ್ತಾರೆ.

ಆಗುಂಬೆಯ ಕಾಳಿಂಗ ಸರ್ಪ ಅಂದರೆ ಎಲ್ಲ ಚಾನೆಲ್‌ನವರಿಗೂ ಪ್ರೀತಿ. ಡೋಲು ಬಡಿದು, ಹೆಡೆಯನ್ನು ಹತ್ತಿರದಿಂದ ತೋರಿಸಿ, ಸಾವು ಅಡಗಿ ಕೂತಿದೆ ಅಂತ ಹೆದರಿಸುತ್ತಾರೆ. ನಮ್ಮ ಕಡೆ ಅದು ಹಿತ್ತಿಲಿಗೆ ಬಂದರೆ ಏನಾಗುತ್ತೆ ಗೊತ್ತಾ? ನಮ್ಮ ಅಮ್ಮ ಹತ್ತು ಮಾರು ದೂರ ನಿಂತು ‘ಹೋಗಪ್ಪ, ಮಕ್ಕಳು ಓಡಾಡೋ ಜಾಗ ಇದು’ ಅಂತ ಬುದ್ಧಿ ಹೇಳುತ್ತಾರೆ. ಹೋಗದಿದ್ದರೆ ಹಿಡಿದು ಕಾಡಿಗೆ ಬಿಡುವವರಿಗೆ ಫೋನ್ ಮಾಡುತ್ತೇವೆ. ಅವರು ಬರುವ ತನಕ ಊರಿನವರೆಲ್ಲ ಸೇರಿ ಹಳೆಯ ಹಾವುಗಳ ಕಥೆ ಹೇಳುತ್ತಾರೆ. ಈ ಕಥೆಗಳು ಯಾವ ಚಿತ್ರದಲ್ಲೂ ನನಗೆ ಕಂಡಿಲ್ಲ. ವಿಜ್ಞಾನಿಗಳಿಗೆ ಕಿವಿ ಇದೆ ನೋಡಿ. 2024ರಲ್ಲಿ ಪಶ್ಚಿಮಘಟ್ಟದ ಈ ಹಾವು ಬೇರೆಯದೇ ಜಾತಿ ಅಂತ ಗುರುತಿಸಿದಾಗ, ಜನ ಕರೆಯುವ ಹೆಸರನ್ನೇ ಎತ್ತಿಕೊಂಡು ‘ಓಫಿಯೊಫೇಗಸ್ ಕಾಳಿಂಗ’ ಅಂತ ಇಟ್ಟರು.

ಇದೆಲ್ಲಕ್ಕಿಂತ ಅವಸರದ ಕೆಲಸ ಒಂದಿದೆ. ಶರಾವತಿ. ಕಳೆದ ವರ್ಷ, 2025ರ ಜುಲೈನಲ್ಲಿ, ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಆವತ್ತಿಂದ ಅದರ ಮೇಲೆ ಡ್ರೋನ್ ಹಾರಿಸಿದವರೇ ಹಾರಿಸಿದ್ದು. ಚೆನ್ನಾಗಿದೆ ಸೇತುವೆ, ನಾನೂ ಹೋಗಿ ಫೋಟೊ ತೆಗೆಸಿಕೊಂಡೆ. ಆದರೆ ಆ ನೀರು ಅಲ್ಲಿಗೆ ಹೇಗೆ ಬಂತು, ಲಾಂಚ್‌ಗೆ ಕಾದು ಕಾದು ಒಂದು ಜನ್ಮ ಕಳೆದವರು ಯಾರು ಅಂತ ಕೇಳಿದ ವಿಡಿಯೊ ಎಷ್ಟಿದೆ? ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಆಗ ಹದಿನೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಮನೆಯ ಹೆಂಚು ಇಳಿಸಿ ಲಾರಿಗೆ ಹಾಕಿದ್ದು, ದನಗಳು ಹೊಸ ಊರಿನಿಂದ ಹಳೆಯ ಕೊಟ್ಟಿಗೆ ಹುಡುಕಿಕೊಂಡು ವಾಪಸ್ ಓಡಿದ್ದು, ಇದನ್ನೆಲ್ಲ ಅವರು ಈಗಲೂ ನಿನ್ನೆ ಆದ ಹಾಗೆ ಹೇಳುತ್ತಾರೆ. ಕೊಟ್ಟ ಭೂಮಿಗೆ ಹಕ್ಕುಪತ್ರ ಇನ್ನೂ ಕೇಳುತ್ತಲೇ ಇದ್ದಾರೆ. ಮುಳುಗಡೆಯವರ ಕಥೆಯನ್ನು ಬಿಡದೆ ಬರೆದ ಡಿಸೋಜ 2025ರ ಜನವರಿಯಲ್ಲಿ ಹೋಗಿಬಿಟ್ಟರು. ನೀರು ತೀರಾ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಮೇಲೇಳುತ್ತದೆ, ಸೆಲ್ಫಿಗೆ ಜಾತ್ರೆ ಸೇರುತ್ತದೆ. ಅಲ್ಲಿ ಒಬ್ಬ ಅಜ್ಜಿ ಕೈ ಎತ್ತಿ ‘ಅಕಾ, ಅಲ್ಲಿ ನಮ್ಮ ಗದ್ದೆ’ ಅಂತ ಬರೀ ಕೆಸರು ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಮೈಕ್ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಹೇಳಿ. ಕೊಳಲು ಮಾತ್ರ ಬೇಡ.

ಮಾಡಿದ್ದನ್ನು ಇಲ್ಲಿಗೂ ತಂದು ತೋರಿಸಿ. ‘ಘಟಶ್ರಾದ್ಧ’ವನ್ನು ಹೊಸದಾಗಿ ಸರಿಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೆಮ್ಮೆಯಾಯಿತು. ಬರೆದ ಅನಂತಮೂರ್ತಿ ಮೇಳಿಗೆಯವರು, ನಿರ್ದೇಶಿಸಿದ ಕಾಸರವಳ್ಳಿ ಕೆಸಲೂರಿನವರು, ಎರಡೂ ನಮ್ಮ ತೀರ್ಥಹಳ್ಳಿ ತಾಲ್ಲೂಕು. ಆ ಹೊಸ ಪ್ರತಿ ನನಗಿನ್ನೂ ನೋಡಲು ಸಿಕ್ಕಿಲ್ಲ. ಹಳ್ಳಿಯವರಿಗೆ ಇಂಥದ್ದು ಅರ್ಥವಾಗಲ್ಲ ಅನ್ನಬೇಡಿ. ಹೆಗ್ಗೋಡಿನಲ್ಲಿ ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಜಪಾನಿನ, ಬಂಗಾಳದ ಸಿನಿಮಾಗಳನ್ನು ಅಡಿಕೆ ಸುಲಿಯುವ ಕೈಗಳ ಮುಂದೆ ಇಟ್ಟಿತ್ತು. ಚಲನಚಿತ್ರ ಅಕಾಡೆಮಿಯವರು ಇದನ್ನು ಓದುತ್ತಿದ್ದರೆ, ತಾಲ್ಲೂಕಿಗೆ ಒಂದು ಪ್ರದರ್ಶನ ಸಾಕು. ಹಾಲ್ ನಾವು ನೋಡಿಕೊಳ್ಳುತ್ತೇವೆ, ಕಾಫಿಯೂ ನಮ್ಮದೇ.

ಮುಂದಿನ ಸಲ ಬರುವವರು ಜೂನ್ ಕೊನೆಗೆ ಬನ್ನಿ. ಕರೆಂಟ್ ಇರುವುದಿಲ್ಲ, ಜನರೇಟರ್ ತನ್ನಿ. ಇಂಬಳ ಹತ್ತುತ್ತೆ, ಸುಣ್ಣ ನಮ್ಮಲ್ಲಿದೆ. ಡ್ರೋನ್ ಮೇಲೇಳುವುದಿಲ್ಲ. ಕೊನೆಗಾರನನ್ನು ಕೇಳಿದ್ದೇನೆ, ಮಳೆಗಾಲದಲ್ಲಿ ಮರ ಜಾರುತ್ತೆ, ಹತ್ತಲ್ಲ ಅಂದ. ಜಗಲಿಯಲ್ಲಿ ಕೂತು ಮಾತಾಡು ಅಂದರೆ ಅಡ್ಡಿಯಿಲ್ಲವಂತೆ. ಆವತ್ತು ಅರ್ಧಕ್ಕೆ ಬಿಟ್ಟ ದೋಟಿ ವಿಷಯ ಇನ್ನೂ ಬಾಕಿ ಇದೆಯಂತೆ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ನೋಡುಗ